ಎರಡು ಬಾಗಿಲ ಗುಹೆ: ಹೆಬ್ರೋನಿನ ಮಕ್ಪೇಲಕ್ಕೆ ಇಬ್ಬರು ಮಾರ್ಗದರ್ಶಿಗಳ ಜೊತೆ ಒಂದು ದಿನ

ಜೆರುಸಲೇಮಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಹೆಬ್ರೋನ್ ನಗರಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳುವ ಪ್ರವಾಸವೊಂದರ ವಿಮರ್ಶೆ ಇದು. 2023ರ ಫೆಬ್ರವರಿಯಲ್ಲಿ, ಜೆರುಸಲೇಮಿನಲ್ಲಿ ವೃದ್ಧೆಯೊಬ್ಬರ ಆರೈಕೆಯ ಕೆಲಸದಲ್ಲಿರುವ ನನ್ನ ತಂಗಿಯ ಮಗಳನ್ನು ನೋಡಲು ಹೋಗಿದ್ದಾಗ ಅವಳೇ ಈ ಪ್ರವಾಸಕ್ಕೆ ನನ್ನ ಹೆಸರು ನೋಂದಾಯಿಸಿದಳು. ಕರಾವಳಿ ಕರ್ನಾಟಕದಿಂದ ಇಸ್ರೇಲಿಗೆ ಹೋಗಿ ಇದೇ ಕೆಲಸ ಮಾಡುತ್ತಿರುವವರು ಬಹಳ ಮಂದಿ ಇದ್ದಾರೆ. ಅವರನ್ನು ನೋಡಲು ಊರಿನಿಂದ ಹೋಗುವ ಹಿರಿಯರು ಸಾಮಾನ್ಯವಾಗಿ ಜೆರುಸಲೇಮ್, ಬೆತ್ಲೆಹೇಮ್, ಗಲಿಲಾಯ ಸರೋವರ ನೋಡಿ ಹಿಂದಿರುಗುತ್ತಾರೆ. ಹೆಬ್ರೋನಿಗೆ ಹೋಗುವವರು ಕಡಿಮೆ. ನಾನೂ ಹೋಗುತ್ತಿರಲಿಲ್ಲ, ಆದರೆ "ಮಾವ, ಮೂವತ್ತು ವರ್ಷ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇದ್ದವರು ನೀವು, ಬೈಬಲ್ಲಿನ ಮೊದಲ ಕ್ರಯಪತ್ರದ ಜಾಗ ನೋಡದೆ ಹೋಗುತ್ತೀರಾ" ಎಂದು ಅವಳು ಕೇಳಿದ ಮೇಲೆ ಇಲ್ಲವೆನ್ನಲು ಆಗಲಿಲ್ಲ.

ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಆದಿಕಾಂಡದ 23ನೆಯ ಅಧ್ಯಾಯವನ್ನು ಹಿಂದಿನ ರಾತ್ರಿ ಓದಿಕೊಂಡೆ. ಹೆಂಡತಿ ಸಾರಾ ತೀರಿಕೊಂಡಾಗ ಅಬ್ರಹಾಮನು ಆ ಊರಿಗೆ ಪರದೇಶಿ; ಹೂಳಲು ಅವನಿಗೆ ಸ್ವಂತ ನೆಲವಿಲ್ಲ. ಆ ಊರಿನ ಹಿತ್ತಿಯ ಎಂಬ ಜನಾಂಗದವನಾದ ಎಫ್ರೋನನು ಊರ ಬಾಗಿಲಲ್ಲಿ, ಎಲ್ಲರೆದುರು, ಹೊಲವನ್ನೂ ಗುಹೆಯನ್ನೂ ಸುಮ್ಮನೆ ಕೊಡುತ್ತೇನೆ ಎನ್ನುತ್ತಾನೆ. ಅಬ್ರಹಾಮನು ಒಪ್ಪುವುದಿಲ್ಲ, ಬೆಲೆ ಹೇಳು ಎನ್ನುತ್ತಾನೆ. ನಾನೂರು ಶೆಕೆಲ್ ಬೆಳ್ಳಿ, ನಮ್ಮಿಬ್ಬರ ನಡುವೆ ಅದೇನು ದೊಡ್ಡದು ಎಂದು ಎಫ್ರೋನನು ಉಪಚಾರದ ಮಾತಿನ ನಡುವೆಯೇ ಬೆಲೆಯನ್ನೂ ತೂರಿಸಿಬಿಡುತ್ತಾನೆ. ಅಬ್ರಹಾಮನು ಚೌಕಾಶಿ ಮಾಡದೆ ಬೆಳ್ಳಿಯನ್ನು ತೂಗಿ ಕೊಡುತ್ತಾನೆ. ಬಳಿಕ ಬರುವ ವಾಕ್ಯವಂತೂ ನಮ್ಮ ಕಚೇರಿಯ ದಸ್ತಾವೇಜು ಬರಹಗಾರರು ಬರೆದಂತೆಯೇ ಇದೆ: ಹೊಲ, ಅದರಲ್ಲಿರುವ ಗುಹೆ, ಸುತ್ತಲಿನ ಎಲ್ಲೆಯೊಳಗಿನ ಮರಗಳು, ಇವೆಲ್ಲವೂ ಹಿತ್ತಿಯರ ಸಮಕ್ಷಮದಲ್ಲಿ ಅಬ್ರಹಾಮನ ಸ್ವತ್ತಾದವು ಎಂದು. ಬೆಲೆ, ಚೆಕ್ಕುಬಂದಿ, ಮರಮಟ್ಟು, ಸಾಕ್ಷಿಗಳು, ಎಲ್ಲವೂ ಇವೆ. ದಾನಪತ್ರ ಬೇಡ, ಕ್ರಯಪತ್ರವೇ ಬೇಕು ಎಂದು ಆ ಮುದುಕ ಹಟ ಹಿಡಿದದ್ದು ಏಕೆ ಎಂಬುದು ನಮ್ಮ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯೆಹೂದ್ಯರ ನಂಬಿಕೆಯಲ್ಲಿ ಜೆರುಸಲೇಮಿನ ದೇವಾಲಯದ ಬೆಟ್ಟದ ನಂತರದ ಪವಿತ್ರ ಸ್ಥಳ ಈ ಗುಹೆ. ಅಬ್ರಹಾಮ-ಸಾರಾ, ಇಸಾಕ-ರೆಬೆಕ್ಕ, ಯಾಕೋಬ-ಲೇಯ, ಹೀಗೆ ಮೂರು ತಲೆಮಾರಿನ ದಂಪತಿಗಳು ಇಲ್ಲಿದ್ದಾರೆ; ಆದಾಮ ಮತ್ತು ಹವ್ವ ಕೂಡ ಇಲ್ಲಿಯೇ ಎಂಬ ಪರಂಪರೆಯೂ ಇದೆ. ಹೀಬ್ರೂವಿನಲ್ಲಿ 'ಮಕ್ಪೇಲ' ಎಂಬ ಹೆಸರಿಗೆ 'ಜೋಡಿ' ಎಂಬ ಅರ್ಥವಿದೆ. ಮುಸ್ಲಿಮರಿಗೆ ಇದು ಅಲ್-ಹರಮ್ ಅಲ್-ಇಬ್ರಾಹಿಮಿ, ಪ್ರವಾದಿ ಇಬ್ರಾಹಿಮರ ಮಸೀದಿ. ಊರಿನ ಅರಬ್ಬಿ ಹೆಸರು ಅಲ್-ಖಲೀಲ್ ಎಂದರೆ 'ಗೆಳೆಯ'. ಇಬ್ರಾಹಿಮರು ದೇವರ ಗೆಳೆಯರು ಎಂಬ ಅರ್ಥದಲ್ಲಿ.

ಈ ಪ್ರವಾಸದ ವಿಶೇಷವಿರುವುದು ಅದರ ಏರ್ಪಾಡಿನಲ್ಲಿ. ಬೆಳಗಿನ ಅರ್ಧ ದಿನ ಅಲ್ಲಿನ ಯೆಹೂದ್ಯ ವಸತಿಯಲ್ಲಿ (1967ರ ನಂತರ ಇಸ್ರೇಲಿಗಳು ಅಲ್ಲಿ ಮಾಡಿಕೊಂಡ ನೆಲೆ) ವಾಸಿಸುವ ಮಾರ್ಗದರ್ಶಿಯೊಬ್ಬರು, ಮಧ್ಯಾಹ್ನದ ಅರ್ಧ ದಿನ ಹೆಬ್ರೋನಿನಲ್ಲೇ ಹುಟ್ಟಿ ಬೆಳೆದ ಪ್ಯಾಲೆಸ್ಟೀನಿ ಮಾರ್ಗದರ್ಶಿಯೊಬ್ಬರು. ಇಬ್ಬರೂ ಒಟ್ಟಿಗೆ ಬರುವುದಿಲ್ಲ. ಬೀದಿಯ ಒಂದು ಕಡೆ ಮೊದಲನೆಯವರು ನಮಗೆ ವಿದಾಯ ಹೇಳಿದರು, ತಪಾಸಣಾ ಠಾಣೆಯ ತಿರುಗುಗೇಟು ದಾಟಿದ ಮೇಲೆ ಎರಡನೆಯವರು ನಮ್ಮನ್ನು ಬರಮಾಡಿಕೊಂಡರು. ನಾವು ಇಪ್ಪತ್ತು ಮಂದಿ ಇದ್ದೆವು. ಭಾರತೀಯ ನಾನೊಬ್ಬನೇ.

ಬಸ್ಸಿನಿಂದ ಇಳಿದೊಡನೆ ಎದುರಾಗುವುದು ಹೆರೋದನ ಗೋಡೆ. ಸುಮಾರು 2,000 ವರ್ಷಗಳ ಹಿಂದೆ ಜೆರುಸಲೇಮಿನ ದೇವಾಲಯವನ್ನು ವಿಸ್ತರಿಸಿ ಕಟ್ಟಿದ ಅದೇ ರಾಜ ಹೆರೋದನ ಕಾಲದ್ದು ಎಂದು ವಿದ್ವಾಂಸರು ಒಪ್ಪಿದ್ದಾರೆ. ಶಾಸನವೇನೂ ಸಿಕ್ಕಿಲ್ಲ, ಆ ಕಾಲದ ಇತಿಹಾಸಕಾರ ಜೋಸೆಫಸನೂ ಇದನ್ನು ಹೆರೋದನು ಕಟ್ಟಿಸಿದ ಎಂದು ಹೇಳಿಲ್ಲ, ಕಲ್ಲಿನ ಕೆಲಸವೇ ಸಾಕ್ಷಿ. ಪ್ರತಿ ಕಲ್ಲಿನ ಅಂಚಿನಲ್ಲಿ ಸುತ್ತಲೂ ನಾಲ್ಕು ಬೆರಳಗಲ ಪಟ್ಟಿ ಕೊರೆದು, ನಡುವಿನ ಭಾಗವನ್ನು ತುಸು ಉಬ್ಬಾಗಿ ಬಿಟ್ಟಿದ್ದಾರೆ. ಗಾರೆಯಿಲ್ಲ. ನಾನು ಬೆರಳ ಉಗುರನ್ನು ಎರಡು ಕಲ್ಲುಗಳ ಸಂದಿಗೆ ತೂರಿಸಲು ನೋಡಿದೆ, ಆಗಲಿಲ್ಲ. ಅತಿ ದೊಡ್ಡ ಕಲ್ಲು 7 ಮೀಟರಿಗೂ ಉದ್ದವಾಗಿದೆ. ಜೆರುಸಲೇಮಿನಲ್ಲಿ ಹೆರೋದನ ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು, ಉಳಿದದ್ದು ಅಂಗಳದ ತಡೆಗೋಡೆ ಮಾತ್ರ. ಅವನ ಕಾಲದ ಕಟ್ಟಡವೊಂದು ಬುಡದಿಂದ ಮೇಲಿನವರೆಗೆ ಹೇಗೆ ಕಾಣುತ್ತಿತ್ತು ಎಂದು ನೋಡಬೇಕಾದರೆ ಹೆಬ್ರೋನಿಗೇ ಬರಬೇಕು. ಮೇಲಿನರ್ಧದಲ್ಲಿ ಚೌಕಗಂಬಗಳಂತೆ ಮುಂದೆ ಬಂದ ಪಟ್ಟಿಗಳ ಮೇಲೆ ಬೆಳಗಿನ ಓರೆ ಬಿಸಿಲು ಬಿದ್ದಾಗ ನೆರಳು-ಬೆಳಕಿನ ಗೆರೆಗಳು ಮೂಡುತ್ತವೆ. ಕೇವಲ ಇದನ್ನು ನೋಡಲು ಅರ್ಧ ಗಂಟೆ ಕೊಡಬೇಕಿತ್ತು. ನಮಗೆ ಸಿಕ್ಕಿದ್ದು ಐದು ನಿಮಿಷ.

ಆ ಐದು ನಿಮಿಷದಲ್ಲಿ ಮೊದಲ ಮಾರ್ಗದರ್ಶಿ ನಮ್ಮನ್ನು ಪೂರ್ವದ ಗೋಡೆಯ ಬುಡಕ್ಕೆ ಕರೆದೊಯ್ದು 'ಏಳನೆಯ ಮೆಟ್ಟಿಲ' ಜಾಗ ತೋರಿಸಿದರು. ಇತಿಹಾಸ ಹೇಳುವುದರಲ್ಲಿ ಅವರು ನಿಪುಣರು. ಹೆರೋದನ ಬಯಲು ಆವರಣದೊಳಗೆ ಬೈಜಾಂಟಿಯನ್ನರು ಚರ್ಚು ಕಟ್ಟಿದ್ದು, ಏಳನೆಯ ಶತಮಾನದ ಬಳಿಕ ಅದು ಮಸೀದಿಯಾದದ್ದು, ಯುರೋಪಿನಿಂದ ಬಂದ ಶಿಲುಬೆಯೋಧರು (ಕ್ರುಸೇಡರು) ಮತ್ತೆ ಚರ್ಚು ಮಾಡಿದ್ದು, 1187ರಲ್ಲಿ ಅವರನ್ನು ಸೋಲಿಸಿದ ಸುಲ್ತಾನ ಸಲಾಹುದ್ದೀನನ ಕಾಲದಲ್ಲಿ ಪುನಃ ಮಸೀದಿಯಾದದ್ದು, ಎಲ್ಲವನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. 12ನೆಯ ಶತಮಾನದ ಯೆಹೂದ್ಯ ಯಾತ್ರಿಕ ತುದೆಲದ ಬೆಂಜಮಿನನು, ಹಣ ಕೊಟ್ಟ ಯೆಹೂದ್ಯರಿಗೆ ಮಾತ್ರ ಕಾವಲುಗಾರನು ಕಬ್ಬಿಣದ ಬಾಗಿಲು ತೆಗೆದು ಕೆಳಗಿನ ನಿಜವಾದ ಗುಹೆ ತೋರಿಸುತ್ತಾನೆ ಎಂದು ಬರೆದಿಟ್ಟಿದ್ದಾನಂತೆ. ಮೇಜಿನ ಕೆಳಗಿನ ವ್ಯವಹಾರಕ್ಕೆ ಎಂಟುನೂರು ವರ್ಷಗಳ ದಾಖಲೆ ಸಿಕ್ಕಿದ್ದಕ್ಕೆ ನಾನೊಬ್ಬನೇ ನಕ್ಕೆ. 1260ರ ದಶಕದಲ್ಲಿ ಮಮ್ಲೂಕ್ ಸುಲ್ತಾನ ಬೈಬರ್ಸನು ಯೆಹೂದ್ಯರಿಗೂ ಕ್ರೈಸ್ತರಿಗೂ ಒಳಗೆ ಪ್ರವೇಶವಿಲ್ಲ ಎಂದು ಆಜ್ಞೆ ಹೊರಡಿಸಿದ. ಅಲ್ಲಿಂದ 1967ರವರೆಗೆ, ಸರಿಸುಮಾರು 700 ವರ್ಷ, ಯೆಹೂದ್ಯರು ಹೊರಗಿನ ಮೆಟ್ಟಿಲ ಸಾಲಿನಲ್ಲಿ ಏಳನೆಯದರವರೆಗೆ ಮಾತ್ರ ಏರಬಹುದಿತ್ತು. ಅಲ್ಲಿ ನಿಂತು ಗೋಡೆಯ ಒಂದು ಕಂಡಿಯೊಳಗೆ ಹರಕೆಯ ಚೀಟಿ ತುರುಕುತ್ತಿದ್ದರು. 1862ರಲ್ಲಿ ಬ್ರಿಟನ್ನಿನ ಯುವರಾಜ ವಿಶೇಷ ಅನುಮತಿ ಪಡೆದು ಒಳಹೊಕ್ಕದ್ದು ಆಗ ದೊಡ್ಡ ಸುದ್ದಿಯಾಗಿತ್ತು. 1967ರ ಯುದ್ಧದಲ್ಲಿ ಇಸ್ರೇಲ್ ಹೆಬ್ರೋನನ್ನು ವಶಪಡಿಸಿಕೊಂಡ ಮೇಲೆ ಆ ಮೆಟ್ಟಿಲುಗಳನ್ನೇ ಒಡೆದುಹಾಕಲಾಯಿತು. ಈಗ ಅಲ್ಲಿ ಮೆಟ್ಟಿಲಿಲ್ಲ. ಆದರೂ ಕಲ್ಲಿನ ಮೇಲೆ ಮೇಣದ ಕಲೆಗಳಿದ್ದವು, ಮುದುಕಿಯೊಬ್ಬಳು ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು; ಒಳಗೆ ಹೋಗಲು ಈಗ ಬಾಗಿಲು ತೆರೆದಿದ್ದರೂ ಅವಳಿಗೆ ಆ ಗೋಡೆಯೇ ಬೇಕಾಗಿತ್ತು.

ಯೆಹೂದ್ಯರ ಕಡೆಯ ಬಾಗಿಲಲ್ಲಿ ಸೈನಿಕರು ಚೀಲ ನೋಡಿ, ನಮ್ಮ ಧರ್ಮ ಯಾವುದೆಂದು ಕೇಳಿ ಒಳಗೆ ಬಿಟ್ಟರು. ಗಂಡಸರಿಗೆ ತಲೆಗೆ ಟೋಪಿ ಬೇಕು. ಒಳಗೆ ಯಾಕೋಬ ಮತ್ತು ಲೇಯರ ಗೋರಿಗಳಿವೆ, ಪುಸ್ತಕಗಳ ಕಪಾಟುಗಳಿವೆ, ಬೆಂಚುಗಳ ಮೇಲೆ ಓದುತ್ತ ತೂಗಾಡುವ ಹುಡುಗರಿದ್ದಾರೆ, ಮೂಲೆಯಲ್ಲಿ ಯಾರೋ ಚಹಾ ಕುಡಿಯುತ್ತಿರುತ್ತಾರೆ. ಪ್ರವಾಸಿ ಎಂದು ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಕಾಣುವ ಗೋರಿಗಳೆಲ್ಲ ನಿಜವಾದ ಸಮಾಧಿಗಳಲ್ಲ ಎಂಬುದನ್ನು ಹೋಗುವವರು ಮೊದಲೇ ತಿಳಿದಿರಬೇಕು. ಅವು ಮೇಲಿನ ನೆಲದಲ್ಲಿ ಗುರುತಿಗಾಗಿ ಕಟ್ಟಿದ, ಬಟ್ಟೆ ಹೊದಿಸಿದ ಸ್ಮಾರಕಗಳು. ಗುಹೆ ಇರುವುದು ಕಾಲಡಿಯಲ್ಲಿ, ಅಲ್ಲಿಗೆ ಯಾರಿಗೂ ಪ್ರವೇಶವಿಲ್ಲ. 1968ರಲ್ಲಿ ಆಗಿನ ರಕ್ಷಣಾ ಸಚಿವ ಮೋಶೆ ದಯಾನ್, ನೆಲದಲ್ಲಿನ ಒಂದಡಿಗೂ ಕಿರಿದಾದ ಕಂಡಿಯ ಮೂಲಕ ಹನ್ನೆರಡು ವರ್ಷದ ತೆಳ್ಳನೆಯ ಹುಡುಗಿಯೊಬ್ಬಳನ್ನು ಹಗ್ಗ ಕಟ್ಟಿ ಕೆಳಗಿಳಿಸಿದ್ದರು. ಅವಳು ಕಂಡದ್ದು ಒಂದು ಕೋಣೆ, ಕಲ್ಲುಚಪ್ಪಡಿಗಳು, ಓಣಿಯಂಥ ದಾರಿ, ಮೇಲಕ್ಕೆ ಹೋಗುವ ಮೆಟ್ಟಿಲುಗಳು. 1981ರಲ್ಲಿ ಕೆಲವು ವಸತಿಗರು ರಾತ್ರಿಯಲ್ಲಿ ಆ ದಾರಿಯಿಂದಲೇ ಇಳಿದು ಇನ್ನೂ ಕೆಳಗಿನ ಗುಹೆಯನ್ನು ತಲುಪಿದರು. ಅಲ್ಲಿಂದ ತಂದ ಮಡಕೆಗಳು ಜೆರುಸಲೇಮಿನ ಮೊದಲ ದೇವಾಲಯದ ಕಾಲದವು ಎಂದು ತಜ್ಞರು ಹೇಳಿದ್ದಾರೆ. ಅಂದರೆ ಹೆರೋದನಿಗಿಂತ ಹಲವು ನೂರು ವರ್ಷ ಹಿಂದೆಯೂ ಜನ ಈ ಗುಹೆಗೆ ಬರುತ್ತಿದ್ದರು. ಅಬ್ರಹಾಮನ ವಿಷಯದಲ್ಲಿ ಮಡಕೆಗಳು ಏನನ್ನೂ ಹೇಳುವುದಿಲ್ಲ.

ಅಬ್ರಹಾಮ ಮತ್ತು ಸಾರಾರ ಗೋರಿಗಳು ಎರಡು ಕಡೆಗಳ ನಡುವಣ ಕೋಣೆಗಳಲ್ಲಿವೆ. ಕಬ್ಬಿಣದ ಜಾಲರಿಯ ಕಿಟಕಿಯಿಂದ ನೋಡಬೇಕು. ಹಸಿರು ಬಟ್ಟೆ ಹೊದ್ದ ಎತ್ತರದ ಗೋರಿ, ಅದರಾಚೆ ಇನ್ನೊಂದು ಕಿಟಕಿ, ಆ ಕಿಟಕಿಯಲ್ಲಿ ತಲೆಗೆ ಬಿಳಿ ಬಟ್ಟೆ ಹೊದ್ದ ಹೆಂಗಸೊಬ್ಬಳ ಮುಖ. ನಡುವೆ ಗುಂಡು ನಿರೋಧಕ ಗಾಜು. ಅವಳು ನನ್ನನ್ನು ನೋಡಿದಳೋ, ಗೋರಿಯನ್ನು ನೋಡುತ್ತಿದ್ದಳೋ ತಿಳಿಯಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ನಿಂತಿದ್ದ ಜಾಗದಲ್ಲಿ ನಾನು ನಿಂತಿದ್ದೆ. ಎದುರಿನ ಕಿಟಕಿಯಲ್ಲಿ, ಬೆಳಿಗ್ಗೆ ನಾನಿದ್ದಲ್ಲಿ, ಗಡ್ಡದ ಯುವಕನೊಬ್ಬ ಕಣ್ಣು ಮುಚ್ಚಿ ಓದುತ್ತಿದ್ದ. ಈ ಪ್ರವಾಸಕ್ಕೆ ಕೊಟ್ಟ ಹಣ ನನಗೆ ಸಾರ್ಥಕವಾದದ್ದು ಅಲ್ಲಿ. ಸಾಮಾನ್ಯ ದಿನಗಳಲ್ಲಿ ನಮ್ಮ ಇಬ್ಬರು ಮಾರ್ಗದರ್ಶಿಗಳಲ್ಲಿ ಯಾರೊಬ್ಬರೂ ಹೀಗೆ ಎರಡೂ ಕಿಟಕಿಗಳಲ್ಲಿ ನಿಲ್ಲುವಂತಿಲ್ಲ. ಯೆಹೂದ್ಯರಿಗೆ ಆ ಬಾಗಿಲಿಲ್ಲ, ಮುಸ್ಲಿಮರಿಗೆ ಈ ಬಾಗಿಲಿಲ್ಲ. ಆ ಸ್ವತ್ತಿನಲ್ಲಿ ಯಾವ ಹಕ್ಕೂ ಇಲ್ಲದ, ಸಾಕ್ಷಿ ಹಾಕಲೂ ಬಾರದ ನನ್ನಂಥವನಿಗೆ ಎರಡೂ ತೆರೆದಿವೆ.

ಈ ವಿಭಜನೆ ಹಳೆಯದೇನಲ್ಲ. 1967ರ ನಂತರ ಎರಡೂ ಧರ್ಮದವರು ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಕಟ್ಟಡವನ್ನು ಬಳಸುತ್ತಿದ್ದರು. 1994ರ ಫೆಬ್ರವರಿ 25ರಂದು, ರಂಜಾನ್ ತಿಂಗಳ ಶುಕ್ರವಾರದ ಬೆಳಗಿನ ನಮಾಜಿನ ಹೊತ್ತಿಗೆ, ಪಕ್ಕದ ಕಿರ್ಯತ್ ಅರ್ಬ ವಸತಿಯ ವೈದ್ಯ ಬರೂಖ್ ಗೋಲ್ಡ್‌ಸ್ಟೈನ್ ಸೇನಾ ಸಮವಸ್ತ್ರದಲ್ಲಿ ಇಸಾಕನ ಸಭಾಂಗಣಕ್ಕೆ ಬಂದು, ಸಾಷ್ಟಾಂಗದಲ್ಲಿದ್ದವರ ಮೇಲೆ ಗುಂಡು ಹಾರಿಸಿ 29 ಜನರನ್ನು ಕೊಂದ. ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಅವನನ್ನು ಉಳಿದವರು ಅಲ್ಲೇ ಹೊಡೆದು ಕೊಂದರು. ಇಸ್ರೇಲ್ ಸರ್ಕಾರ ನೇಮಿಸಿದ ಶಮ್ಗಾರ್ ಆಯೋಗದ ವಿಚಾರಣೆಯ ನಂತರ ಕಟ್ಟಡವನ್ನು ಎರಡು ಮಾಡಿ, ಬಾಗಿಲುಗಳನ್ನೂ ಬೇರೆ ಮಾಡಿದರು. ವರ್ಷಕ್ಕೆ ಹತ್ತು ದಿನ ಇಡೀ ಕಟ್ಟಡ ಯೆಹೂದ್ಯರಿಗೆ, ಹತ್ತು ದಿನ ಇಡೀ ಕಟ್ಟಡ ಮುಸ್ಲಿಮರಿಗೆ. ಅಬ್ರಹಾಮನು ಗುಹೆ ಕೊಂಡ ಅಧ್ಯಾಯವನ್ನು ಓದುವ ಸಬ್ಬತ್ (ಯೆಹೂದ್ಯರ ಶನಿವಾರದ ವಿಶ್ರಾಂತಿ) ದಿನ ಯೆಹೂದ್ಯರ ಆ ಹತ್ತರಲ್ಲಿ ಒಂದು. ಮುಅಜ್ಜಿನನ ಕೋಣೆ ಮಾತ್ರ ಯೆಹೂದ್ಯರ ಪಾಲಿಗೆ ಬಿದ್ದ ಭಾಗದಲ್ಲಿ ಉಳಿದುಬಿಟ್ಟಿದೆ; ಅಜಾನ್ ಕೂಗಲು ಅವನು ಸೈನಿಕರ ಜೊತೆಯಲ್ಲಿ ಅಲ್ಲಿಗೆ ಹೋಗಬೇಕು. ಪಾಲುಪಟ್ಟಿ ಮಾಡುವಾಗ ಬಾವಿಯ ಹಗ್ಗ ಒಬ್ಬನಿಗೆ, ಬಾವಿ ಇನ್ನೊಬ್ಬನಿಗೆ ಹೋದ ಪ್ರಕರಣಗಳನ್ನು ನಾನೂ ಕಂಡಿದ್ದೇನೆ.

ಈಗ ಸೇವೆಯ ಕೊರತೆಯ ವಿಷಯ. ಬೆಳಗಿನ ಮಾರ್ಗದರ್ಶಿ 1929ರ ಆಗಸ್ಟಿನಲ್ಲಿ ಇದೇ ಊರಿನ 67 ಯೆಹೂದ್ಯರನ್ನು ಗುಂಪುಗಳು ಕೊಂದದ್ದನ್ನು ಇಪ್ಪತ್ತು ನಿಮಿಷ ವಿವರಿಸಿದರು. ಅದಕ್ಕಾಗಿಯೇ ಮಾಡಿದ ಪುಟ್ಟ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ದರು. ಬ್ರಿಟಿಷರು ಉಳಿದವರನ್ನು ಊರಿನಿಂದ ಹೊರಡಿಸಿದಾಗ ಶತಮಾನಗಳ ಯೆಹೂದ್ಯ ಬಾಳ್ವೆ ಕೊನೆಗೊಂಡಿತು ಎಂದು ಹೇಳುವಾಗ ಅವರ ಧ್ವನಿ ತಗ್ಗಿತು. 1994 ಅವರ ಮಾತಿನಲ್ಲಿ ಒಂದೇ ವಾಕ್ಯ. ಮಧ್ಯಾಹ್ನದ ಮಾರ್ಗದರ್ಶಿ 1994ರ ಆ ಬೆಳಗನ್ನು ಗುಂಡಿನ ಗುರುತುಗಳ ಸಮೇತ ವಿವರಿಸಿದರು. ಅವರ ನೆರೆಮನೆಯವರೊಬ್ಬರು ಅಂದು ತೀರಿಕೊಂಡರಂತೆ. 1929ರ ಬಗ್ಗೆ ನಾನೇ ಕೇಳಿದೆ. "ಅದು ಬ್ರಿಟಿಷರ ಕಾಲದ ಗಲಭೆ, ನಮ್ಮವರು ಬಹಳ ಯೆಹೂದ್ಯರನ್ನು ಮನೆಯಲ್ಲಿ ಅಡಗಿಸಿ ಉಳಿಸಿದರು" ಎಂದರು. ಅಡಗಿಸಿ ಉಳಿಸಿದ್ದು ನಿಜ, ನೂರಾರು ಜನ ಹಾಗೆ ಉಳಿದರು. ಬೆಳಗಿನವರು ಅದನ್ನು ಹೇಳಿರಲಿಲ್ಲ. ಕೊಂದವರು ಯಾರೆಂಬುದನ್ನು ಇವರು ಹೇಳಲಿಲ್ಲ. ಇಬ್ಬರೂ ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಆದರೆ ಎರಡು ಕಥನಗಳನ್ನು ಕೇಳಿಸುತ್ತೇವೆ ಎಂದು ಹಣ ಪಡೆಯುವ ಸಂಸ್ಥೆ, ಸಂಜೆ ಹಿಂದಿರುಗುವ ಬಸ್ಸಿನಲ್ಲಿ ಕನಿಷ್ಠ ಒಂದು ಹಾಳೆಯ ಕಾಲಾನುಕ್ರಮವನ್ನಾದರೂ ಕೈಗೆ ಕೊಡಬೇಕಿತ್ತು. ಹೊರಡುವ ಮುನ್ನ ಓದಿಕೊಂಡು ಹೋಗದವನು ಎರಡು ಅರ್ಧಗಳನ್ನು ಹಿಡಿದುಕೊಂಡು ಮನೆಗೆ ಬರುತ್ತಾನೆ, ಸೇರಿಸಿ ಹೊಲಿಯಲು ದಾರವಿರುವುದಿಲ್ಲ.

ಎರಡನೆಯ ದೂರು ಸಮಯದ್ದು. ಮಸೀದಿಯ ಕಡೆ ನಮಗೆ ಸಿಕ್ಕಿದ್ದು ನಲವತ್ತು ನಿಮಿಷ ಮಾತ್ರ. ನಮಾಜಿನ ಹೊತ್ತಿಗೆ ಪ್ರವಾಸಿಗಳು ಹೊರಗಿರಬೇಕಾದ್ದರಿಂದ ಅವಸರ ಅನಿವಾರ್ಯವಾಗಿತ್ತು, ಆದರೆ ನಮಾಜಿನ ವೇಳೆ ಸಂಸ್ಥೆಗೆ ಮೊದಲೇ ತಿಳಿದಿರುವ ಸಂಗತಿ. ಚಪ್ಪಲಿ ಬಿಟ್ಟು, ಹೆಂಗಸರು ಅಲ್ಲಿ ಕೊಡುವ ಕುಲಾವಿಯ ನಿಲುವಂಗಿ ತೊಟ್ಟು ಒಳಗೆ ಹೋದರೆ ಇಸಾಕನ ಸಭಾಂಗಣ. ಕಟ್ಟಡದ ಅತಿ ವಿಶಾಲ ಭಾಗ ಇದೇ. ಕಂಬಗಳೂ ಕಮಾನುಗಳೂ ಶಿಲುಬೆಯೋಧರ ಚರ್ಚಿನವು, ಇಸಾಕ-ರೆಬೆಕ್ಕರ ಗೋರಿಗಳು ಮಂಟಪದಂತೆ ಕಟ್ಟಿದ ಪುಟ್ಟ ಕೋಣೆಗಳಲ್ಲಿವೆ. ನೋಡಲೇಬೇಕಾದದ್ದು ಮಿಂಬರ್, ಅಂದರೆ ಇಮಾಮರು ಏರಿ ಪ್ರವಚನ ಕೊಡುವ ಮರದ ಪೀಠ. 1091ರ ಸುಮಾರಿಗೆ ಈಜಿಪ್ಟಿನ ಫಾತಿಮಿ ದೊರೆಗಳ ವಜೀರ ಬದ್ರ್ ಅಲ್-ಜಮಾಲಿಯು ಅಶ್ಕೆಲೋನಿನಲ್ಲಿ ಇಮಾಮ್ ಹುಸೇನರ ಶಿರಸ್ಸಿನ ಸ್ಮಾರಕಕ್ಕೆಂದು ಇದನ್ನು ಮಾಡಿಸಿದ್ದ. ನೂರು ವರ್ಷದ ಬಳಿಕ ಸಲಾಹುದ್ದೀನನು ಇಲ್ಲಿಗೆ ತರಿಸಿದ. ಸಣ್ಣ ಸಣ್ಣ ಮರದ ತುಂಡುಗಳನ್ನು ನಕ್ಷತ್ರ ಮತ್ತು ಷಟ್ಕೋನಗಳಾಗಿ ಜೋಡಿಸಿ, ಪ್ರತಿ ತುಂಡಿನ ಮೇಲೂ ಬಳ್ಳಿ ಕೆತ್ತಿದ್ದಾರೆ. ಸಾಗರದ ಗುಡಿಗಾರರ ಗಂಧದ ಕೆತ್ತನೆ ನೋಡಿ ಬೆಳೆದ ಕಣ್ಣಿಗೂ ಅದನ್ನು ಎಷ್ಟು ನೋಡಿದರೂ ಸಾಕೆನಿಸಲಿಲ್ಲ. ಅದರಾಚೆ, ನಾಲ್ಕು ಕಂಬಗಳ ಚಿಕ್ಕ ಮಂಟಪದ ಕೆಳಗೆ, ನೆಲದಲ್ಲೊಂದು ದುಂಡು ಕಂಡಿ. ಒಳಗೆ ಸರಪಳಿಯಲ್ಲಿ ಇಳಿಬಿಟ್ಟ ದೀಪ. ಬಗ್ಗಿ ನೋಡಿದರೆ ದೀಪದ ಸುತ್ತ ಅಂಗೈಯಗಲ ಬೆಳಕು, ಕೆಳಗೆ ಕತ್ತಲು. ಗುಹೆಯ ದರ್ಶನ ಅಷ್ಟೇ.

ಮಸೀದಿಯಿಂದ ಹಳೆ ಪೇಟೆಗೆ ನಡೆದು ಹೋದೆವು. ಓಣಿಯ ನೆತ್ತಿಗೆ ತಂತಿಯ ಜಾಲರಿ ಬಿಗಿದಿದ್ದಾರೆ. ಮೇಲಿನ ವಸತಿ ಮನೆಗಳಿಂದ ಬೀಳುವ ಕಸ ತಡೆಯಲು. ಜಾಲರಿಯಲ್ಲಿ ಬಾಟಲಿಗಳು, ಒಂದು ಮುರಿದ ಕುರ್ಚಿ ಸಿಕ್ಕಿಕೊಂಡಿದ್ದವು. ಒಂದು ಕಾಲದ ಮುಖ್ಯ ಬೀದಿಯಾದ ಶುಹದಾ ಬೀದಿಯಲ್ಲಿ ಅಂಗಡಿಗಳ ಹಸಿರು ಬಾಗಿಲುಗಳು ಸಾಲಾಗಿ ಮುಚ್ಚಿವೆ. 1997ರ ಒಪ್ಪಂದದಂತೆ ನಗರದ ಶೇ. 80 ಭಾಗ ಪ್ಯಾಲೆಸ್ಟೀನಿ ಆಡಳಿತಕ್ಕೆ, ಗುಹೆಯೂ ಹಳೆ ಪೇಟೆಯೂ ಸೇರಿದ ಉಳಿದ ಭಾಗ ಇಸ್ರೇಲಿ ಸೇನೆಯ ಹಿಡಿತಕ್ಕೆ. ಈ ಭಾಗದಲ್ಲಿ ಕೆಲವು ನೂರು ಯೆಹೂದ್ಯ ವಸತಿಗರೂ 30 ಸಾವಿರಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರೂ ಇದ್ದಾರೆ. ಜಗತ್ತಿನ ಬಹುಪಾಲು ದೇಶಗಳು ಈ ವಸತಿಗಳನ್ನು ಕಾನೂನುಬಾಹಿರ ಎನ್ನುತ್ತವೆ, ಇಸ್ರೇಲ್ ಒಪ್ಪುವುದಿಲ್ಲ. 2017ರ ಜುಲೈಯಲ್ಲಿ ಯುನೆಸ್ಕೊ ಹಳೆಯ ಹೆಬ್ರೋನನ್ನು ಪ್ಯಾಲೆಸ್ಟೀನಿನ ಹೆಸರಿನಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಿದಾಗ ಇಸ್ರೇಲ್ ಸಿಟ್ಟಾಯಿತು. 2021ರಲ್ಲಿ ಇಸ್ರೇಲ್ ಗುಹೆಯ ಪಕ್ಕ ಲಿಫ್ಟಿನ ಕೆಲಸ ಶುರುಮಾಡಿದಾಗ, ಅಲ್ಲಿ ಕಟ್ಟಡದ ಪರವಾನಗಿ ಕೊಡುವ ಅಧಿಕಾರ ನಮ್ಮದು ಎಂದು ಹೆಬ್ರೋನ್ ನಗರಸಭೆ ಸಿಟ್ಟಾಯಿತು.  ಅರ್ಜಿ ಯಾರ ಕಚೇರಿಗೆ ಹೋಗಬೇಕು ಎಂಬುದೂ ಒಂದು ತಕರಾರು.

ಊಟ ಪ್ಯಾಲೆಸ್ಟೀನಿ ಕುಟುಂಬವೊಂದರ ಮನೆಯಲ್ಲಿ, ಪ್ರವಾಸದ ಹಣದಲ್ಲೇ ಸೇರಿತ್ತು. ಅನ್ನ, ಬದನೆ, ಹೂಕೋಸು ಹಾಕಿ ಬೇಯಿಸಿ ಪಾತ್ರೆಯನ್ನು ತಟ್ಟೆಗೆ ಬೋರಲು ಹಾಕುವ ಮಕ್ಲೂಬವನ್ನು ಸಸ್ಯಾಹಾರಿ ಎಂದು ಮೊದಲೇ ತಿಳಿಸಿದ್ದರಿಂದ ನನಗೆ ಬೇರೆಯಾಗಿ ಮಾಡಿದ್ದರು. ಜೊತೆಗೆ ಮೊಸರು ಕೊಟ್ಟದ್ದರಿಂದ ಊಟ ಪೂರ್ತಿಯಾಯಿತು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದನ್ನು ಕಳೆದದ್ದು ಆ ನಲವತ್ತು ನಿಮಿಷಕ್ಕೆ. ಹೋಗುವವರು ಮೂಲ ಪಾಸ್‌ಪೋರ್ಟನ್ನೇ ಜೊತೆಗಿಟ್ಟುಕೊಳ್ಳಬೇಕು, ಪ್ರತಿ ತಪಾಸಣೆಯಲ್ಲೂ ಕೇಳುತ್ತಾರೆ. ಶುಕ್ರವಾರ ಮಸೀದಿಯ ಕಡೆ ಹೊರಗಿನವರಿಗೆ ಪ್ರವೇಶವಿಲ್ಲ, ಸಬ್ಬತ್ ದಿನ ಯೆಹೂದ್ಯರ ಕಡೆ ಫೋಟೊ ತೆಗೆಯುವಂತಿಲ್ಲ, ಆ ಹತ್ತು-ಹತ್ತು ದಿನಗಳನ್ನೂ ನೋಡಿಕೊಳ್ಳಬೇಕು. ಊರು 900 ಮೀಟರಿಗೂ ಎತ್ತರದಲ್ಲಿರುವುದರಿಂದ ಚಳಿಗಾಲದಲ್ಲಿ ಸ್ವೆಟರ್ ಸಾಲದು. ಗಾಜಾ ಯುದ್ಧ ಶುರುವಾದ 2023ರ ಅಕ್ಟೋಬರ್ ನಂತರ ಅಲ್ಲಿನ ಸಂಚಾರದ ನಿರ್ಬಂಧಗಳು ಬಹಳ ಬಿಗಿಯಾಗಿರುವುದರಿಂದ, ಪ್ರವಾಸ ನಡೆಯುತ್ತಿದೆಯೇ, ಎರಡೂ ಬಾಗಿಲು ತೆರೆದಿವೆಯೇ ಎಂದು ಹಣ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ ಉತ್ತರ ತರಿಸಿಕೊಳ್ಳುವುದು ಒಳ್ಳೆಯದು. ಒಂದೇ ಬಾಗಿಲು ತೆರೆದಿದೆ ಎಂದರೆ, ನನ್ನನ್ನು ಕೇಳಿದರೆ, ಹಣ ಕಟ್ಟದೆ ಇನ್ನೊಂದು ವರ್ಷ ಕಾಯಬಹುದು.